ಬಂದಿರಬೇಕು, ಬರಬೇಕಿತ್ತು

ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಯಾವ ಅಡ್ಡರಸ್ತೆಗೆ ತಿರುಗಿದರೂ ಯಾವುದಾದರೊಂದು ಮೊದಲ ಮಹಡಿಯ ಕಿಟಕಿಯಲ್ಲಿ ‘ಸ್ಪೋಕನ್ ಇಂಗ್ಲಿಷ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಅಂಥದ್ದೇ ಒಂದು ಕೋಣೆಯಲ್ಲಿ ನಾನು ಕೆಲವು ವರ್ಷ ಸಂಜೆ ಪಾಠ ಮಾಡಿದ್ದೇನೆ. ಎಂಟನೇ ಅಡ್ಡರಸ್ತೆಯ ಸೀರೆ ಅಂಗಡಿಯಲ್ಲಿ ಬಿಲ್ ಬರೆಯುವ ಹುಡುಗಿಯೊಬ್ಬಳು ಒಂದು ದಿನ ನೋಟ್ ಪುಸ್ತಕದಲ್ಲಿ ‘ಹಿ ಮಸ್ಟ್ ಕಮ್ ಯೆಸ್ಟರ್‌ಡೇ’ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆಯುವ ಮೊದಲು, “ಏನಮ್ಮ ಹೇಳ್ಬೇಕಂತ ಇದ್ದೆ?” ಎಂದು ಕೇಳಿದೆ. “ಅವರು ನಿನ್ನೇನೇ ಬಂದಿರ್ಬೇಕು ಸಾರ್, ಚೀಟಿ ಇಟ್ಟು ಹೋಗಿದ್ದಾರೆ” ಅಂದಳು.

ಆ ‘ಬಂದಿರಬೇಕು’ ಅನ್ನೇ ಬೋರ್ಡಿನ ಮೇಲೆ ಬರೆದು ಮೂರು ತುಂಡು ಮಾಡಿದೆ. ಬಂದು, ಇರ, ಬೇಕು. ಕೆಳಗೆ ಒಂದೊಂದಕ್ಕೂ ಇಂಗ್ಲಿಷಿನ ಮಾತು ಬರೆದೆ. ಬಂದು ಎಂಬಲ್ಲಿ ಕಮ್, ಇರು ಎಂಬಲ್ಲಿ ಹ್ಯಾವ್, ಬೇಕು ಎಂಬಲ್ಲಿ ಮಸ್ಟ್. “ಈಗ ಬಲಗಡೆಯಿಂದ ಓದು” ಅಂದೆ. “ಮಸ್ಟ್ ಹ್ಯಾವ್ ಕಮ್” ಎಂದು ಓದಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ ತಾನೇ ಎದ್ದು ಬಂದು ‘ಬಂದಿರಬಹುದು’ ಎಂದು ಬರೆದು, ‘ಮೇ ಹ್ಯಾವ್ ಕಮ್’ ಎಂದು ಬಿಡಿಸಿದಳು. ಅವಳಿಗೆ ಗೊತ್ತಿಲ್ಲದ ವ್ಯಾಕರಣವನ್ನು ನಾನೇನೂ ಆವತ್ತು ಹೇಳಿಕೊಡಲಿಲ್ಲ. ಅವಳ ಬಾಯಲ್ಲಿ ಇದ್ದದ್ದನ್ನೇ ತಿರುಗಿಸಿ ತೋರಿಸಿದೆ, ಅಷ್ಟೆ.

ಆ ಕೋಣೆಯಲ್ಲಿ ಎಲ್ಲರಿಗೂ ಹಂಚುತ್ತಿದ್ದ ಜೆರಾಕ್ಸ್ ಹಾಳೆಯಲ್ಲಿ ಇದು ಇರಲಿಲ್ಲ. ಕ್ಯಾನ್ ಎಂದರೆ ಸಾಮರ್ಥ್ಯ, ಮೇ ಎಂದರೆ ಅನುಮತಿ, ಮಸ್ಟ್ ಎಂದರೆ ಕಡ್ಡಾಯ, ಶುಡ್ ಎಂದರೆ ಸಲಹೆ. ಎರಡು ಕಂಬಸಾಲು, ಒಂದು ಪದಕ್ಕೆ ಒಂದು ಅರ್ಥ. ಹಿಂಬದಿಯಲ್ಲಿ ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ನನ್ನ ತಕರಾರು ಈ ಹಾಳೆಯ ಮೇಲೆ, ಈ ಹಾಳೆ ಹುಟ್ಟಿದ ಬೋಧನಾಕ್ರಮದ ಮೇಲೆ. ಅದರಲ್ಲಿರುವುದು ಸುಳ್ಳಲ್ಲ. ಆದರೆ ಮಸ್ಟ್ ಎಂದರೆ ಕಡ್ಡಾಯ ಎಂದಷ್ಟೇ ಕಲಿತವರಿಗೆ ಚೀಟಿ ನೋಡಿ ಊಹಿಸುವ ಮಸ್ಟ್ ಎಂದೂ ಸಿಗುವುದಿಲ್ಲ. ಮಾತಿನಲ್ಲಿ ಹೆಚ್ಚು ಬೇಕಾಗುವುದೋ ಅದೇ.

ನಮ್ಮಲ್ಲಿ ಇಂಗ್ಲಿಷ್ ವ್ಯಾಕರಣ ಎಂದರೆ 1930ರ ದಶಕದ ರೆನ್ ಮತ್ತು ಮಾರ್ಟಿನ್. ಶಲ್ ಎಲ್ಲಿ, ವಿಲ್ ಎಲ್ಲಿ ಎಂಬ ಅದರ ಹಳೆಯ ನಿಯಮವನ್ನು ಈಗಲೂ ಬಾಯಿಪಾಠ ಮಾಡಿಸುವವರಿದ್ದಾರೆ. ಇವತ್ತಿನ ಮಾತಿನಲ್ಲಿ ಅದರಿಂದ ನಾಲ್ಕು ಕಾಸಿನ ಉಪಯೋಗವಿಲ್ಲ. 1985ರಲ್ಲಿ ಬಂದ ರೇಮಂಡ್ ಮರ್ಫಿಯವರ ಪುಸ್ತಕ ಬಹಳ ಒಳ್ಳೆಯದು, ನಾನೇ ಅದರಿಂದ ಕಲಿತಿದ್ದೇನೆ. ಆದರೆ ಅದು ಟೋಕಿಯೊದಲ್ಲಿ ಓದುವವರಿಗೂ ಮಲ್ಲೇಶ್ವರದಲ್ಲಿ ಓದುವವರಿಗೂ ಒಂದೇ ಪುಸ್ತಕ. ಓದುಗರ ಮನೆಮಾತು ಯಾವುದೆಂದು ಅದು ಕೇಳುವಂತಿಲ್ಲ. ಹಾಗಾದರೆ ‘ಕನ್ನಡದ ಮೂಲಕ’ ಕಲಿಸುತ್ತೇವೆ ಎನ್ನುವ ಪುಸ್ತಕಗಳು? ಕಪಿಲ್ ದೇವ್ ಜಾಹೀರಾತಿನಿಂದ ಮನೆಮಾತಾದ ರ‍್ಯಾಪಿಡೆಕ್ಸ್ ಮಾದರಿಯ ಆ ಪುಸ್ತಕಗಳಲ್ಲಿ ಕನ್ನಡ ಇರುವುದು ಅರ್ಥ ಹೇಳಲಿಕ್ಕೆ ಮಾತ್ರ. ಈ ವಾಕ್ಯಕ್ಕೆ ಆ ವಾಕ್ಯ ಎಂದು ಎದುರುಬದುರು ಅಚ್ಚು ಹಾಕುತ್ತಾರೆ. ಎರಡರ ಕಟ್ಟಡ ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬ ಮಾತು ಬರುವುದಿಲ್ಲ.

ಇಲ್ಲಿ ಫ್ರೆಂಚರ ಪಾಡು ನೋಡಿದರೆ ನಮ್ಮ ಅನುಕೂಲ ಅರ್ಥವಾಗುತ್ತದೆ. ಫ್ರೆಂಚ್ ಮಾತಾಡುವವರಿಗೆ ಇಂಗ್ಲಿಷಿನ ಮಸ್ಟ್, ಮೇಗಳ ಈ ಭಾಗ ಕಷ್ಟವೆಂಬುದು ಪಾಠ ಹೇಳುವವರಿಗೆಲ್ಲ ತಿಳಿದದ್ದು. ‘ಬೇಕು’ ಎಂಬರ್ಥದ ಅವರ ದೆವ್ವಾರ್ ಎಂಬ ಕ್ರಿಯಾಪದ ನಾನು, ನೀನು, ನಾವು ಎಂದು ಪುರುಷ ಬದಲಾದಂತೆ ರೂಪ ಬದಲಿಸುತ್ತದೆ. ‘ಇಲ್ ಆ ದು ಪಾರ್ತೀರ್’ ಎಂದರೆ ‘ಹೋಗಿರಬೇಕು’ ಎಂದೂ ಆಗುತ್ತದೆ, ‘ಹೋಗಬೇಕಾಯಿತು’ ಎಂದೂ ಆಗುತ್ತದೆ. ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಇಂಗ್ಲಿಷಿಗೆ ಬಂದಾಗ ಆ ಒಂದನ್ನು ‘ಮಸ್ಟ್ ಹ್ಯಾವ್ ಲೆಫ್ಟ್’, ‘ಹ್ಯಾಡ್ ಟು ಲೀವ್’ ಎಂದು ಅವರು ಎರಡಾಗಿ ಸೀಳಬೇಕು. ನಮಗೆ ಆ ಸೀಳು ಹುಟ್ಟಿನಿಂದಲೇ ಇದೆ. ಬೇಕು ಎಂಬುದು ನಾನು, ನೀನು, ಅವಳು ಯಾರಿಗೂ ಬದಲಾಗುವುದಿಲ್ಲ, ಮಸ್ಟ್‌ನ ಹಾಗೆಯೇ. ಬರಬೇಕಿತ್ತು ಎಂದರೆ ಶುಡ್ ಹ್ಯಾವ್, ಬರಬೇಕಾಯಿತು ಎಂದರೆ ಹ್ಯಾಡ್ ಟು, ಬರಬಹುದಿತ್ತು ಎಂದರೆ ಕುಡ್ ಹ್ಯಾವ್. ನಿಷೇಧದಲ್ಲೂ ಹಾಗೆಯೇ. ‘ಹೋಗಬಾರದು’ ಬೇರೆ, ‘ಹೋಗಬೇಕಾಗಿಲ್ಲ’ ಬೇರೆ ಎಂದು ಐದು ವರ್ಷದ ಮಗುವಿಗೂ ಗೊತ್ತು. ಮಸ್ಟ್ ನಾಟ್, ನೀಡ್ ನಾಟ್ ಎಂಬ ಭೇದವನ್ನು ಅರ್ಧ ಗಂಟೆ ವಿವರಿಸುವ ಮೇಷ್ಟ್ರು ಈ ಎರಡು ಪದ ಹೇಳಿದ್ದರೆ ಸಾಕಿತ್ತು.

ಫ್ರೇಸಲ್ ವರ್ಬ್‌ಗಳ ವಿಷಯದಲ್ಲಂತೂ ಹಾಳೆ ಮಾಡುವ ಅನ್ಯಾಯ ಇನ್ನೂ ದೊಡ್ಡದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಮಾತಿಗೆ ಫ್ರೆಂಚ್ ಪದಗಳು ರಾಶಿ ಬಿದ್ದವು. ಹಾಗಾಗಿ ಟಾಲರೇಟ್, ಕಂಟಿನ್ಯೂ ಎಂಬಂಥವು ಫ್ರೆಂಚರಿಗೆ ಸಲೀಸು. ಪುಟ್ ಅಪ್ ವಿತ್, ಕ್ಯಾರಿ ಆನ್ ಎದುರಾದರೆ ತಡವರಿಸುತ್ತಾರೆ. ನಮ್ಮ ಮಕ್ಕಳದ್ದೂ ಬೇರೆ ದಾರಿಯಿಂದ ಅದೇ ಸ್ಥಿತಿ. ಪಠ್ಯಪುಸ್ತಕದ, ಕಚೇರಿ ಅರ್ಜಿಯ ಇಂಗ್ಲಿಷ್ ಓದಿ ‘ಪೋಸ್ಟ್‌ಪೋನ್’ ಚೆನ್ನಾಗಿ ಬರುತ್ತದೆ, ‘ಪುಟ್ ಆಫ್’ ಬರುವುದಿಲ್ಲ. ಆದರೆ ಅದೇ ಮಗು ಮನೆಯಲ್ಲಿ ‘ಮದುವೆ ಮುಂದಕ್ಕೆ ಹಾಕಿದ್ದಾರೆ’ ಅನ್ನುತ್ತದೆ. ಹಾಕು ಎಂಬ ಸಣ್ಣ ಕ್ರಿಯಾಪದ, ಜೊತೆಗೊಂದು ದಿಕ್ಕಿನ ಪದ, ಎರಡೂ ಸೇರಿ ಮೂರನೆಯ ಅರ್ಥ. ಪುಟ್ ಆಫ್ ಎಂಬುದರ ಒಳಗುಟ್ಟು ಇದೇ.

ಕನ್ನಡದಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ನೋಡು ಎಂದರೆ ಲುಕ್, ನೋಡಿಕೋ ಎಂದರೆ ಲುಕ್ ಆಫ್ಟರ್. ಹೇಳು, ಕೊಡು ಎರಡೂ ಸೇರಿ ಹೇಳಿಕೊಡು ಆದಾಗ ಅದು ಕಲಿಸುವ ಕೆಲಸ. ಗಾಡಿ ಕೈಕೊಟ್ಟಿತು ಎಂದರೆ ಬ್ರೇಕ್ ಡೌನ್, ಗೆಳೆಯ ಕೈಕೊಟ್ಟ ಎಂದರೆ ಲೆಟ್ ಡೌನ್. ತಿನ್ನು ಎಂಬುದು ತಿಂದುಬಿಡು ಆದಾಗ ತಟ್ಟೆ ಖಾಲಿಯಾಗುತ್ತದೆ. ಈಟ್ ಅಪ್ ಎಂಬಲ್ಲಿ ಅಪ್ ಮಾಡುವ ಕೆಲಸ ನಮ್ಮ ‘ಬಿಡು’ ಮಾಡುವ ಕೆಲಸವೇ. ‘ಅಪ್ ಎಂದರೆ ಮೇಲೆ ತಾನೇ ಸಾರ್, ತಿನ್ನೋದು ಹೇಗೆ ಮೇಲೆ?’ ಎಂದು ಕೇಳಿದವರಿಗೆ, ‘ತಿಂದುಬಿಡು ಎಂದಾಗ ಏನನ್ನು ಬಿಡ್ತೀಯಪ್ಪ?’ ಎಂದು ತಿರುಗಿ ಕೇಳಿದರೆ ಮುಖ ಅರಳುತ್ತದೆ. ಅಲ್ಲಿಂದ ಯೂಸ್ ಅಪ್, ಡ್ರಿಂಕ್ ಅಪ್ ಎಲ್ಲ ಒಂದೇ ಸಾಲಿಗೆ ನಿಲ್ಲುತ್ತವೆ. ಅಕ್ಷರಮಾಲೆಯ ಪಟ್ಟಿಯಲ್ಲಿ ಇವು ಒಂದೊಂದು ಒಂದೊಂದು ಮೂಲೆಯಲ್ಲಿ ಬಿದ್ದಿರುತ್ತವೆ.

ಕನ್ನಡ ಎಲ್ಲ ಕಡೆಯೂ ಕೈಹಿಡಿಯುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ‘ಬಹುದು’ ಒಂದೇ ಪದ ಕ್ಯಾನ್, ಮೇ, ಮೈಟ್, ಕುಡ್ ನಾಲ್ಕರ ಭಾರವನ್ನೂ ಹೊರುತ್ತದೆ. ‘ಮಳೆ ಬರಬಹುದು’ ಎಂಬುದನ್ನು ‘ರೇನ್ ಕ್ಯಾನ್ ಕಮ್’ ಎಂದು ಹೇಳಿ ನಾವು ಎಡವುವುದು ಅದಕ್ಕೇ. ‘ಪುಟ್ ಇಟ್ ಆಫ್’ ಎಂಬಲ್ಲಿ ಇಟ್ ನಡುವೆ ನುಗ್ಗಿ ನಿಲ್ಲುವ ಕ್ರಮ ನಮಗೆ ಪೂರ್ತಿ ಹೊಸದು. ಅದನ್ನು ಬಾಯಿಗೆ ಬರುವವರೆಗೆ ಹೇಳಿಸಬೇಕು, ಬೇರೆ ದಾರಿ ಇಲ್ಲ. ‘ಕೋಪ್ ಅಪ್ ವಿತ್’ ಎಂದು ಇಲ್ಲದ ಅಪ್ ಸೇರಿಸುತ್ತೇವೆ. ‘ಕುಡ್ ಏಬಲ್ ಟು’ ಎಂದು ಒಂದೇ ಅರ್ಥಕ್ಕೆ ಎರಡು ಪದ ಹೇರುತ್ತೇವೆ. ಕಾಲೇಜು ಮುಗಿಸಿದ್ದಕ್ಕೆ ‘ಪಾಸ್ ಔಟ್’ ಅನ್ನುವುದು ನಮ್ಮ ದೇಶದೊಳಗೆ ಸಲ್ಲುವ ಮಾತು. ಹೊರಗೆ ಹೋದಾಗ ಅದಕ್ಕೆ ಪ್ರಜ್ಞೆ ತಪ್ಪಿ ಬೀಳುವುದು ಎಂಬ ಅರ್ಥವಿದೆ ಎಂದು ತಿಳಿಸಬೇಕು. ತಪ್ಪು ಎಂದು ಗದರಬೇಕಾಗಿಲ್ಲ.

ಇನ್ನೊಂದು ಮಾತಿದೆ, ಅದು ಮರ್ಯಾದೆಯದು. ‘ಸ್ವಲ್ಪ ನೀರು ಕೊಡಿ’ ಎಂಬಲ್ಲಿ ಗೌರವವೆಲ್ಲ ಆ ಕೊನೆಯ ‘ಇ’ಕಾರದಲ್ಲಿದೆ, ಆ ‘ಸ್ವಲ್ಪ’ದಲ್ಲಿದೆ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದ ಉಳಿದಿಲ್ಲ. ಅದರ ಕೆಲಸವನ್ನು ಅಲ್ಲಿ ಕುಡ್, ವುಡ್ ಮಾಡುತ್ತವೆ. ಇದನ್ನು ಯಾರೂ ಹೇಳಿಕೊಡದ ಕಾರಣ, ಅಜ್ಜನಿಗೆ ಎಂದೂ ಏಕವಚನ ಆಡದ ಹುಡುಗ ಕೆಲಸದ ಜಾಗದಲ್ಲಿ ‘ಗಿವ್ ಮಿ ದಟ್ ಫೈಲ್’ ಎಂದು ಒರಟನಾಗಿ ಕಾಣುತ್ತಾನೆ. ಅವನು ಒರಟನಲ್ಲ. ಇಕಾರವನ್ನು ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಹಾಳೆಯಲ್ಲಿ ಕುಡ್ ಎಂದರೆ ‘ಕ್ಯಾನ್‌ನ ಭೂತಕಾಲ’ ಎಂದಷ್ಟೇ ಇತ್ತು. ಹಾಳೆಯ ಎಲ್ಲ ಕೊರತೆಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಇದು.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಬಹಳ ಕಾಲ ವಾದಿಸಿದರು. ಕಾಲ, ಸ್ಥಿತಿ, ಅರ್ಥಗಳನ್ನು ಕ್ರಿಯಾಪದಗಳು ಹೇಗೆ ಹೊರುತ್ತವೆ ಎಂಬ ಬಗ್ಗೆ 1999ರಲ್ಲಿ ಇಂಗ್ಲಿಷಿನಲ್ಲೇ ಒಂದು ಪುಸ್ತಕ ಬರೆದರು. ನಮ್ಮ ನಾಡಿನ ವಿದ್ವತ್ತು ಹೀಗೆ ಬೆಳೆದಿದ್ದರೂ ಅದರ ಒಂದು ಹನಿಯೂ ಈ ಕೋಣೆಗಳಿಗೆ ಇಳಿದಿಲ್ಲ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಬೆಂಗಳೂರಿನಲ್ಲೇ ಇದೆ. ಹೀಗಿದ್ದರೂ ಶಾಲೆಯಲ್ಲಿ ಕನ್ನಡ ಪಂಡಿತರು ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ‘ಬಂದಾನು, ಬಂದಾಳು’ ಕಲಿಸಿ ಹೊರಗೆ ಹೋಗುತ್ತಾರೆ. ಗಂಟೆ ಹೊಡೆದ ಮೇಲೆ ಇಂಗ್ಲಿಷ್ ಮೇಷ್ಟ್ರು ಒಳಗೆ ಬಂದು ‘ಮೇ, ಮೈಟ್’ ಎಂದು ಮೊದಲಿನಿಂದ ಶುರುಮಾಡುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ವಿಷಯ ಎಂದು ಮಗುವಿಗೆ ತಿಳಿಸುವವರಿಲ್ಲ.

ಸಂಜೆ ತರಗತಿ ನಡೆಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಆ ಹಾಳೆಯನ್ನು ಹಂಚುವುದನ್ನು ಒಂದು ವಾರ ನಿಲ್ಲಿಸಿ. ಮೊದಲ ದಿನ ಬೋರ್ಡಿನ ಮೇಲೆ ಬಂದಿರಬೇಕು, ಬರಬೇಕಿತ್ತು, ಬರಬೇಕಾಯಿತು ಎಂದು ಮೂರೇ ಪದ ಬರೆದು, ಚಾಕ್‌ಪೀಸನ್ನು ಕಲಿಯಲು ಬಂದವರ ಕೈಗೆ ಕೊಡಿ.