ಗಾಳಿಗೆ ಬಾಗಿದ ಗಸಗಸೆ ಹೂ

ಚಳಿ ಕಳೆಯುವ ಹೊತ್ತಿಗೆ ಬೆಂಗಳೂರಿನ ಮಾರತ್ತಹಳ್ಳಿ ಪಕ್ಕದ ಎಇಸಿಎಸ್ ಲೇಔಟ್‌ನಲ್ಲಿ ಟಬೂಬಿಯಾ ಮರಗಳು ಮೈತುಂಬ ಗುಲಾಬಿ ಹೂ ಬಿಡುತ್ತವೆ. ಮೊಬೈಲಿನಿಂದ ಮೊಬೈಲಿಗೆ ಫೋಟೋಗಳು ಹರಿದಾಡುತ್ತವೆ, ನಮ್ಮೂರೇ ಜಪಾನ್ ಆಯಿತೆಂದು ಜನ ಹಿಗ್ಗುತ್ತಾರೆ. ಮರದ ತವರು ಅಮೆರಿಕ ಖಂಡ, ಅದಿರಲಿ. ಕರೆಂಟ್ ತಂತಿ, ನೀರಿನ ಟ್ಯಾಂಕರು, ಓಡಾಡುವ ಜನ ಎಲ್ಲವನ್ನೂ ಕತ್ತರಿಸಿ ಹೂವನ್ನಷ್ಟೇ ಉಳಿಸಿದ ಆ ಫೋಟೋಗಳ ಬಗ್ಗೆ ನನ್ನ ತಕರಾರು. ಜಪಾನಿನ ಮರದಚ್ಚಿನ ದೊಡ್ಡ ಕಲಾವಿದರು ಹೂವನ್ನು ಹೀಗೆ ಒಂಟಿ ಮಾಡಲಿಲ್ಲ.

ಅವರಲ್ಲೊಬ್ಬನಾದ ಹೊಕುಸಾಯ್ 1833-34ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ, ಹತ್ತು ಹೂಚಿತ್ರಗಳ ಮಾಲಿಕೆ ರಚಿಸಿದ. ಅದರಲ್ಲಿ ಗಸಗಸೆ ಹೂವಿನ ಚಿತ್ರವನ್ನು ನೋಡಬೇಕು. ಹೂಗಳು ಹಾಳೆಯ ತುಂಬ ಇವೆ, ನಮ್ಮ ಕಣ್ಣಿಗೆ ತೀರ ಹತ್ತಿರ. ದಂಟುಗಳೆಲ್ಲ ಒಂದೇ ಕಡೆಗೆ ಬಾಗಿವೆ, ದಳಗಳ ನೆರಿಗೆ ನೆರಿಗೆಯಲ್ಲೂ ಗಾಳಿಯ ಹೊಡೆತ ಕಾಣುತ್ತದೆ. ಅವನ ಪ್ರಸಿದ್ಧ ಕಡಲಲೆಯ ಸೆಳೆತವೇ ಇಲ್ಲೂ ಇದೆ. ಇನ್ನೊಂದು ಚಿತ್ರದಲ್ಲಿ ಬಳ್ಳಿಹೂವಿನ ಎಲೆಗಳ ನಡುವೆ ಒಂದು ಹಸಿರು ಕಪ್ಪೆ ಕೂತಿದೆ, ಹುಡುಕಿದರಷ್ಟೇ ಸಿಗುತ್ತದೆ.

ಈ ಗಾಳಿಯನ್ನು ಹಾಳೆಗೆ ತಂದವನು ಹೊಕುಸಾಯ್ ಒಬ್ಬನೇ ಅಲ್ಲ. ಅವನು ಬರೆದ ತೆಳು ಹಾಳೆಯನ್ನು ಚೆರ್ರಿ ಮರದ ಹಲಗೆಗೆ ಬೋರಲು ಅಂಟಿಸಿ, ಗೆರೆಯ ಎರಡೂ ಬದಿ ಕೆತ್ತುವವನು ಬೇರೆ. ಮೂಲಚಿತ್ರ ಆ ಕೆತ್ತನೆಯಲ್ಲೇ ಹಾಳಾಗುತ್ತದೆ. ಬಣ್ಣ ಬಣ್ಣಕ್ಕೂ ಹಲಗೆ ಮಾಡಿ, ಬಣ್ಣ ಹಚ್ಚಿ, ಕಾಗದ ಹಾಸಿ, ಹಿಂಬದಿಯಿಂದ ಕೈಯಲ್ಲೇ ಉಜ್ಜಿ ಅಚ್ಚು ತೆಗೆಯುವವನು ಮತ್ತೊಬ್ಬ. ದಳದ ಅಂಚಿನ ಕೂದಲೆಳೆಯಂಥ ಗೆರೆ ಕೆತ್ತುವವನ ಕೈಚಳಕ. ಆ ಹೆಸರಿಲ್ಲದ ಕೈಗಳಿಗೆ ಸಲ್ಲಬೇಕಾದ ಮೆಚ್ಚುಗೆ ಇನ್ನೂ ಸಂದಿಲ್ಲ ಎಂದೇ ನನ್ನ ಅನಿಸಿಕೆ.

ಅಂಥದೇ ಇನ್ನೊಬ್ಬ ಮರದಚ್ಚಿನ ಕಲಾವಿದ ಹಿರೊಶಿಗೆಯ ಹೂವು-ಹಕ್ಕಿಯ ಚಿತ್ರಗಳಲ್ಲಿ ಹಲವು ನನಗೆ ಬರೀ ಅಂದವೆನಿಸುತ್ತವೆ. ಆದರೆ 1857ರ ಕಮೆಯ್ದೊ ತೋಟದ ಚಿತ್ರದ ಮಾತೇ ಬೇರೆ. ಪ್ಲಮ್ ಮರದ ಒರಟು ಕೊಂಬೆ ಕಣ್ಣೆದುರೇ ಅಡ್ಡ ನಿಂತಿದೆ, ಬಿಳಿ ಹೂಗಳು ಅಲ್ಲೊಂದು ಇಲ್ಲೊಂದು, ನೋಡಲು ಬಂದವರು ದೂರದಲ್ಲಿ ಪುಟ್ಟದಾಗಿ ಕಾಣುತ್ತಾರೆ. ಮರ, ಹೂವು, ಊರ ಜನ ಮೂರಕ್ಕೂ ಅಲ್ಲಿ ಜಾಗವಿದೆ. ವ್ಯಾನ್ ಗೋ 1887ರಲ್ಲಿ ಅದನ್ನು ನೋಡಿಕೊಂಡೇ ಎಣ್ಣೆಬಣ್ಣದಲ್ಲಿ ಬರೆದ. ಹೊಕುಸಾಯ್‌ನ ಗಸಗಸೆಯ ಪಕ್ಕದಲ್ಲಿಡಬಹುದಾದ ಹಿರೊಶಿಗೆಯ ಹೂಚಿತ್ರವೆಂದರೆ ನನ್ನ ಲೆಕ್ಕದಲ್ಲಿ ಇದೊಂದೇ.

ಬೆಂಗಳೂರಿನಲ್ಲಿ ಅಚ್ಚುಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರು ಮುಂದಿನ ಫೆಬ್ರವರಿಯಲ್ಲಿ ಉಳಿ, ಹಲಗೆ ಹಿಡಿದು ಇತ್ತ ಬರಬೇಕು. ಟಬೂಬಿಯಾ ಕೆತ್ತುವಾಗ ತಂತಿಯನ್ನೂ ಟ್ಯಾಂಕರನ್ನೂ ಬಿಡಬೇಡಿ.