ಮೊಗ್ಲಿಂಗ್ ಬಳಗದ ಪತ್ರಗಳೂ ಬಸವಪುರಾಣದ ಅಚ್ಚೂ

ಬಾಸೆಲ್ ಮಿಷನ್ನಿನ ಪಾದ್ರಿಗಳ ಕನ್ನಡಸೇವೆಯನ್ನು ಕೊಂಡಾಡುವಾಗ ನಿಘಂಟು, ವ್ಯಾಕರಣ, ಮುದ್ರಣಾಲಯಗಳನ್ನು ಹೆಸರಿಸಿ ಮುಗಿಸುವುದು ವಾಡಿಕೆ. ಅವರು ಸ್ವದೇಶಕ್ಕೆ ಬರೆದ ಪತ್ರಗಳನ್ನು ಓದುವವರು ವಿರಳ. ಓದಿದಲ್ಲಿ ಕೊಂಡಾಟದ ಧ್ವನಿ ಕೊಂಚ ತಗ್ಗೀತು. ಗೌರವಕ್ಕೆ ಮಾತ್ರ ಗಟ್ಟಿಯಾದ ಕಾರಣ ದೊರೆತೀತು.

ಹರ್ಮನ್ ಮೊಗ್ಲಿಂಗ್ 1836ರಲ್ಲಿ ಭಾರತಕ್ಕೆ ಬಂದನು. ಬಂಧುವಾದ ವೈಗ್ಲೆಯೂ ಕನ್ನಡದ ಕೆಲಸದಲ್ಲಿ ಅವನ ಸಹಾಯಕ. ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವನ ವಿಧವೆ ಪೌಲಿನಳನ್ನು ಮೊಗ್ಲಿಂಗ್ ಮದುವೆಯಾದನು. ಗೆಳೆಯ ಗುಂಡರ್ಟನು 1882ರಲ್ಲಿ ಮೊಗ್ಲಿಂಗನ ಜೀವನಚರಿತ್ರೆ ಬರೆದನು. ಹೀಗೆ ಒಂದೇ ಬಳಗದ ಬರವಣಿಗೆ ಇದು.

ಪತ್ರ ಯಾರಿಗಾಗಿ ಬರೆದದ್ದು ಎಂಬುದನ್ನು ಮರೆಯಬಾರದು. ಮಿಷನ್ನಿನ ಕೇಂದ್ರಕ್ಕೆ ನಿಯತವಾಗಿ ವರದಿ ಸಲ್ಲಬೇಕು. ಆಯ್ದ ಭಾಗಗಳು ಪತ್ರಿಕೆಗಳಲ್ಲಿ ಅಚ್ಚಾಗಿ, ಕಾಸುಕೊಟ್ಟ ಶ್ರದ್ಧಾಳುಗಳನ್ನು ಮುಟ್ಟಬೇಕು. ಇಂಥ ಬರಹದಲ್ಲಿ ಕನ್ನಡಿಗನು ಗೆಲ್ಲಬೇಕಾದ ಆತ್ಮವೇ ಹೊರತು ಮಾತು ಬಲ್ಲ ಮನುಷ್ಯನಲ್ಲ.

ಅದೇ ಮೊಗ್ಲಿಂಗನು ಕಂಪನಿ ಸರಕಾರದ ಅಧಿಕಾರಿಯಾಗಿದ್ದ ಕ್ಯಾಸಮೇಜರನ ಧನಸಹಾಯದಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯನ್ನು ಹೊರತಂದಾಗ ಬೇರೊಬ್ಬನೇ ಆಗುತ್ತಾನೆ. 1369ರ ಭೀಮಕವಿಯ ಬಸವಪುರಾಣವು ಈ ಮಾಲೆಯಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಲ್ಲಚ್ಚಿನ ಕೆಲಸವೆಂದರೆ ಲಿಪಿಕಾರನೊಬ್ಬನು ಪ್ರತಿಪುಟವನ್ನೂ ಕೈಯಾರೆ ಬರೆಯಬೇಕು, ಸಂಪಾದಕನು ಅಕ್ಷರಾಕ್ಷರ ತಿದ್ದಬೇಕು. ಷಟ್ಪದಿಯ ಮಾತ್ರೆ ಎಣಿಸುವವನಿಗೆ ತಿರಸ್ಕರಿಸಲು ಪುರಸೊತ್ತೆಲ್ಲಿ? ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಮತಾಂತರಗಳ ಎಣಿಕೆಗಲ್ಲ, ಈ ಸಾಹಿತ್ಯಕಾರ್ಯಕ್ಕೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಈ ಪಾದ್ರಿಗಳಿಗೆ ವೀರಶೈವವೆಂದರೆ ಮುಖ್ಯವಾಗಿ ಪುರಾಣ. ಅದೇ ಮಿಷನ್ನಿನ ವ್ಯೂರ್ತ್ 1860ರ ದಶಕದಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಗಾಗಿ ಇಂಗ್ಲಿಷಿಗೆ ತಂದದ್ದೂ ಬಸವಪುರಾಣ, ಚೆನ್ನಬಸವಪುರಾಣಗಳನ್ನೇ. ಪವಾಡಗಳನ್ನು ಕಂಡು ಇದು ಬರಿಯ ಕಥೆಗಳ ಮತವೆನ್ನುವುದು ಸುಲಭ. ತನ್ನ ಅವಗುಣವನ್ನು ತಾನೇ ಎತ್ತಿ ಹೇಳಿಕೊಳ್ಳುವ ಬಸವಣ್ಣನ ವಚನ ಎದುರಿಗಿದ್ದಿದ್ದರೆ, ಪಾಪನಿವೇದನೆಯನ್ನೇ ಧರ್ಮದ ಬಾಗಿಲೆಂದು ನಂಬಿದ ಆ ಜರ್ಮನ್ ಭಕ್ತನ ಲೇಖನಿ ಅರೆಗಳಿಗೆ ತಡೆಯುತ್ತಿರಲಿಲ್ಲವೆ?

ಈ ಕೊರತೆಯನ್ನು ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ವಚನಗಳು ವ್ಯಾಪಕವಾಗಿ ಓದುಗರ ಕೈಸೇರಿದ್ದು ಫ. ಗು. ಹಳಕಟ್ಟಿಯವರ 1923ರ ‘ವಚನಶಾಸ್ತ್ರಸಾರ’ದಿಂದೀಚೆಗೆ. ಮೊಗ್ಲಿಂಗನು ಹಸ್ತಪ್ರತಿ ಅರಸುತ್ತಿದ್ದ ಕಾಲದಲ್ಲಿ ಮಠಮನೆಗಳ ಎಷ್ಟೋ ತಾಡವೋಲೆಯ ಕಟ್ಟುಗಳು ವಿಭೂತಿ ಪತ್ರೆಗಳ ಪೂಜೆ ಕೊಳ್ಳುತ್ತಿದ್ದವು. ದಾರ ಬಿಚ್ಚಿ ಓದುವವರಿರಲಿಲ್ಲ.