ನಗಿಸುವ ಗಾಂಭೀರ್ಯ

ಪಾರ್ಕಿನಲ್ಲಿ ಪುಟ್ಟ ಮಕ್ಕಳ ಗುಂಪು. ನಡುವೆ ಆರಡಿ ಐದಂಗುಲದ ಪೇಟನ್ ಮ್ಯಾನಿಂಗ್. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಹೆಸರು. 2007ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದು, ಪಂದ್ಯಶ್ರೇಷ್ಠ ಎನಿಸಿಕೊಂಡು, ಮಾರ್ಚ್ 24ರಂದು ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟಿ.ವಿ. ಹಾಸ್ಯ ಕಾರ್ಯಕ್ರಮಕ್ಕೆ ಅತಿಥಿ ನಿರೂಪಕರಾಗಿ ಬಂದಿದ್ದರು. ದೊಡ್ಡ ಆಟಗಾರರು ಬಿಡುವು ಮಾಡಿಕೊಂಡು ಮಕ್ಕಳ ಜೊತೆ ಆಡುವುದನ್ನು ತೋರಿಸುವ ಸೇವಾಸಂಸ್ಥೆಯ ಜಾಹೀರಾತುಗಳು ಅಮೆರಿಕದ ಟಿ.ವಿ.ಯಲ್ಲಿ ಎಲ್ಲರಿಗೂ ಪರಿಚಿತ. ಈ ಸ್ಕಿಟ್ ಅವುಗಳದೇ ಅಣಕು. ಮ್ಯಾನಿಂಗ್ ಎಸೆದ ಚೆಂಡು ಹುಡುಗನೊಬ್ಬನಿಗೆ ರಪ್ಪನೆ ಬಡಿಯುತ್ತದೆ. ಹಿಡಿಯದ ತಪ್ಪಿಗೆ ಮೇಲಿಂದ ಬೈಗುಳ. ಇನ್ನೊಬ್ಬನಿಗೆ, ನಿನ್ನ ಮುಖ ನೋಡುವುದಕ್ಕೂ ಆಗುತ್ತಿಲ್ಲ, ಹೋಗಿ ಆ ಮೊಬೈಲ್ ಶೌಚಾಲಯದಲ್ಲಿ ಕೂತಿರು ಎಂದು ಶಿಕ್ಷೆ. ಆಮೇಲೆ, ನಿಂತ ಕಾರಿನ ಬಾಗಿಲನ್ನು ಕೀ ಇಲ್ಲದೆ ತೆಗೆಯುವ ಪಾಠ. ಕೊನೆಯಲ್ಲಿ ಜಾಹೀರಾತಿನ ಹಿತೋಪದೇಶ: ನಿಮ್ಮ ಮಕ್ಕಳ ಜೊತೆ ನೀವೇ ಕಾಲ ಕಳೆಯಿರಿ, ಆ ಕೆಲಸ ಮ್ಯಾನಿಂಗ್ ಪಾಲಿಗೆ ಬಾರದಿರಲಿ.

ಇದನ್ನು ಎಷ್ಟು ಸಲ ನೋಡಿದರೂ ನನ್ನ ಕಣ್ಣು ನಿಲ್ಲುವುದು ಮ್ಯಾನಿಂಗ್ ಮುಖದ ಮೇಲೆ. ‘ನೋಡಿ, ತಮಾಷೆ ಮಾಡುತ್ತಿದ್ದೇನೆ’ ಎಂಬ ಸುಳಿವು ಅಲ್ಲಿ ಒಂದಿಷ್ಟೂ ಇಲ್ಲ. ಪಂದ್ಯದ ಕಡೆಯ ಎರಡು ನಿಮಿಷದಲ್ಲಿ, ಸಹ ಆಟಗಾರ ಪಾಸ್ ಕೈಬಿಟ್ಟಾಗ ನಾಯಕನ ಮುಖ ಹೇಗಿರುತ್ತದೋ ಹಾಗೇ ಇದೆ. ಎದುರಿಗಿರುವವರು ಮಾತ್ರ ಮೂರನೇ ಕ್ಲಾಸಿನ ಮಕ್ಕಳು. ನಗೆಗೆ ಅಷ್ಟೇ ಸಾಕು. ನಗಿಸುವುದು ಕಸುಬಲ್ಲದ ಇಂಥ ಅತಿಥಿಗಳು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದಾಗಲೆಲ್ಲ ನನಗೆ ಕಾಣುವುದು ಇದೇ ಗುಟ್ಟು: ಅವರು ತಮ್ಮ ಗಾಂಭೀರ್ಯವನ್ನು ಮನೆಯಲ್ಲಿ ಬಿಟ್ಟು ಬಂದಿರುವುದಿಲ್ಲ. ಪೂರ್ತಿ ಹೊತ್ತು ತಂದು, ಅದು ಇರಬಾರದ ಜಾಗದಲ್ಲಿ ಇಳಿಸಿರುತ್ತಾರೆ.

ಈ ಕಾರ್ಯಕ್ರಮದ ರೀತಿಯನ್ನೂ ಸ್ವಲ್ಪ ಹೇಳಬೇಕು. 1975ರ ಅಕ್ಟೋಬರ್ 11ರಂದು ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು. ಹುಟ್ಟುಹಾಕಿದವರು ಲೋರ್ನ್ ಮೈಕಲ್ಸ್. ಜಾಗ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್‌ನ ಸ್ಟುಡಿಯೋ 8ಎಚ್. 1930ರ ದಶಕದಲ್ಲಿ ಇದೇ ಸ್ಟುಡಿಯೋದಲ್ಲಿ ಟೋಸ್ಕಾನಿನಿ ತಮ್ಮ ವಾದ್ಯವೃಂದವನ್ನು ರೇಡಿಯೋಗಾಗಿ ನುಡಿಸುತ್ತಿದ್ದರು. ವಾರಕ್ಕೊಬ್ಬ ಅತಿಥಿ ನಿರೂಪಕ. ನಿರೂಪಕ ಎಂದರೆ ಮೈಕ್ ಹಿಡಿದು ‘ಮುಂದಿನ ಕಾರ್ಯಕ್ರಮ’ ಎನ್ನುವವರು ಎಂದುಕೊಳ್ಳಬೇಡಿ. ಆರಂಭದ ಸ್ವಗತ ಮುಗಿಸಿ, ಒಂದೂವರೆ ಗಂಟೆಯ ಬಹುಪಾಲು ಸ್ಕಿಟ್‌ಗಳಲ್ಲಿ ವೇಷ ಬದಲಿಸುತ್ತಾ ಪಾತ್ರ ಮಾಡಬೇಕು.

ಸೋಮವಾರ ಸಂಜೆ ಮೈಕಲ್ಸ್ ಕೋಣೆಯಲ್ಲಿ ಅತಿಥಿಯನ್ನು ಕೂರಿಸಿ ಬರಹಗಾರರು ಒಬ್ಬೊಬ್ಬರಾಗಿ ತಮ್ಮ ಐಡಿಯಾ ಹೇಳುತ್ತಾರೆ. ಮಂಗಳವಾರ ರಾತ್ರಿಯಿಡೀ ಬರವಣಿಗೆ. ಬುಧವಾರ ದೊಡ್ಡ ಮೇಜಿನ ಸುತ್ತ ಕೂತು ಸುಮಾರು ನಲವತ್ತು ಸ್ಕಿಟ್‌ಗಳ ಓದು. ಅತಿಥಿ ತನ್ನ ಮಾತುಗಳನ್ನು ಮೊದಲ ಸಲ ಅಲ್ಲೇ ಗಟ್ಟಿಯಾಗಿ ಓದುವುದು. ಆರಿಸಿದ್ದು ಹತ್ತು ಹನ್ನೆರಡು. ಗುರುವಾರ ತಿದ್ದುಪಡಿ, ಶುಕ್ರವಾರ ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು ಎಂಬ ತಾಲೀಮು. ಶನಿವಾರ ರಾತ್ರಿ ಎಂಟಕ್ಕೆ ಪ್ರೇಕ್ಷಕರ ಮುಂದೆ ಪೂರ್ತಿ ಪ್ರಯೋಗ. ಅಲ್ಲಿ ನಗು ಹುಟ್ಟಿಸದವಕ್ಕೆ ಕತ್ತರಿ. ಹನ್ನೊಂದೂವರೆಗೆ ನೇರ ಪ್ರಸಾರ. ಮಾತೆಲ್ಲ ಕ್ಯಾಮೆರಾ ಪಕ್ಕದಲ್ಲಿ ಎತ್ತಿ ಹಿಡಿಯುವ ದೊಡ್ಡ ರಟ್ಟುಗಳ ಮೇಲೆ ಕೈಬರಹದಲ್ಲಿರುತ್ತದೆ. ಕೊನೇ ಗಳಿಗೆಯವರೆಗೂ ಅವುಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ ಹೊಸ ಸಾಲು ಬರೆಯುತ್ತಾರೆ. ಹತ್ತು ಟೇಕ್ ತೆಗೆದುಕೊಂಡು ಅಭ್ಯಾಸವಾದ ಸಿನಿಮಾ ತಾರೆಗೆ ಇಲ್ಲಿ ಎರಡನೇ ಟೇಕ್ ಇಲ್ಲ. ಇಷ್ಟೆಲ್ಲದರ ನಡುವೆ ಯಾರಾದರೂ ನಿರೀಕ್ಷೆ ಮೀರಿ ಮಿಂಚಿದರೆ ಅದರ ಸೊಗಸೇ ಬೇರೆ.

ನನ್ನ ಪಟ್ಟಿಯ ತುದಿಯಲ್ಲಿರುವವರು ಆಡಂ ಡ್ರೈವರ್. ನೌಕಾಪದಾತಿ ದಳಕ್ಕೆ ಸೇರಿ, ಅಪಘಾತದಲ್ಲಿ ಎದೆಮೂಳೆ ಮುರಿದು ಹೊರಬಂದು, ಆಮೇಲೆ ಜೂಲಿಯಾರ್ಡ್‌ನಲ್ಲಿ ನಟನೆ ಕಲಿತವರು. ತೆರೆಯ ಮೇಲೆ ಬಂದರೆ ಯಾವಾಗ ಸಿಡಿಯುತ್ತಾರೋ ಎಂಬ ಅಂಜಿಕೆ ಹುಟ್ಟಿಸುವ ಮೈಕಟ್ಟು. ಅವರು 2016ರ ಜನವರಿಯಲ್ಲಿ ಮೊದಲ ಸಲ ಬಂದಾಗ ‘ಸ್ಟಾರ್ ವಾರ್ಸ್’ನ ಖಳ ಕೈಲೋ ರೆನ್ ಆಗಿ ಇಡೀ ಜಗತ್ತಿಗೆ ಹೊಸದಾಗಿ ಪರಿಚಯವಾಗಿದ್ದರು. ಕಂಪನಿಯ ಯಜಮಾನ ಮಾರುವೇಷದಲ್ಲಿ ನೌಕರರ ನಡುವೆ ಓಡಾಡುವ ರಿಯಾಲಿಟಿ ಶೋ ಒಂದನ್ನು ತೆಗೆದುಕೊಂಡು ಅದಕ್ಕೆ ಕೈಲೋ ರೆನ್‌ನನ್ನು ಕೂರಿಸಿದರು. ಹೊಂಬಣ್ಣದ ವಿಗ್, ದಪ್ಪ ಕನ್ನಡಕ, ಕಿತ್ತಳೆ ಬಣ್ಣದ ಜಾಕೆಟ್ಟು. ಹೆಸರು ಮ್ಯಾಟ್, ರೇಡಾರ್ ರಿಪೇರಿಯವನು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಬಂದು, ಏನೂ ತಿಳಿಯದವನಂತೆ, ನಿಮ್ಮ ಯಜಮಾನರ ಬಗ್ಗೆ ನಿಮಗೇನನಿಸುತ್ತದೆ ಎಂದು ಕೇಳುತ್ತಾನೆ. ಕೈಲೋ ರೆನ್ ಅಂಗಿ ಬಿಚ್ಚಿದ್ದನ್ನು ನನ್ನ ಗೆಳೆಯನೊಬ್ಬ ನೋಡಿದ್ದನಂತೆ, ಏನು ಮೈಕಟ್ಟಂತೀರಿ ಎಂದು ತಾನೇ ಸುದ್ದಿ ಹಬ್ಬಿಸುತ್ತಾನೆ. ಯಾರೋ ಅವನ ಬಗ್ಗೆ ಹಗುರವಾಗಿ ಮಾತಾಡಿದರೆ ದವಡೆ ಬಿಗಿಯುತ್ತದೆ. ಹೊಗಳಿಕೆಗೆ ಹಾತೊರೆಯುವ ಸರ್ವಾಧಿಕಾರಿಯ ಒಳಗನ್ನು ಇದಕ್ಕಿಂತ ಚೆನ್ನಾಗಿ ಮೂಲ ಸಿನಿಮಾ ಕೂಡ ತೋರಿಸಿಲ್ಲ.

2018ರ ಸೆಪ್ಟೆಂಬರ್ 29ರದ್ದು ಇದಕ್ಕೂ ಒಂದು ಕೈ ಮೇಲು. ಶಾಲೆಯಲ್ಲಿ ಅಪ್ಪ ಅಮ್ಮಂದಿರು ಬಂದು ತಮ್ಮ ಉದ್ಯೋಗದ ಬಗ್ಗೆ ಹೇಳುವ ದಿನ. ಒಬ್ಬ ಹುಡುಗನ ಅಪ್ಪ ಹಣ್ಣು ಹಣ್ಣು ಮುದುಕ, ಏಬ್ರಹಾಂ ಪಾರ್ನಾಸಸ್, ಹಳೇ ಕಾಲದ ಎಣ್ಣೆದೊರೆ. ಕೋಲೂರಿಕೊಂಡು ತರಗತಿಗೆ ಬಂದವನೇ ಮಕ್ಕಳ ಮುಂದೆ ಗುಡುಗುತ್ತಾನೆ. ಉದ್ಯೋಗದ ಬಗ್ಗೆ ಅವನಿಗೆ ಹೇಳಲಿಕ್ಕಿರುವುದು ಒಂದೇ: ಶತ್ರುವನ್ನು ಹೊಸಕಿ ಹಾಕಬೇಕು. ಪ್ರತಿಸ್ಪರ್ಧಿಯನ್ನು ಹೇಗೆ ಪುಡಿಗಟ್ಟಿದೆ ಎಂದು ತೋರಿಸಲು ಸತ್ತ ಹಕ್ಕಿಯೊಂದನ್ನು ತೆಗೆದು ಕೋಲಿನಿಂದ ಜಜ್ಜುತ್ತಾನೆ. ಪುಟವಿಡೀ ಇರುವುದು ಇಷ್ಟೇ ಜೋಕು. ಅದನ್ನು ಮೇಲೆತ್ತುವುದು ಡ್ರೈವರ್ ದನಿ. ಗಂಟಲಿನಿಂದ ಹೊಟ್ಟೆಗಿಳಿದು, ಅಲ್ಲಿಂದ ಮತ್ತೆ ಹತ್ತಿ ಬರುವ ದನಿ. ಒಂದು ವಾಕ್ಯವನ್ನು ನಿಧಾನಕ್ಕೆ ಎಳೆದು, ಕೊನೆಯ ಪದಕ್ಕೆ ಎಲ್ಲ ಕಸುವನ್ನೂ ಸುರಿಯುವ ಬಗೆ. ಶೇಕ್ಸ್‌ಪಿಯರನ ಮುದಿ ದೊರೆಗಳಿಗೆ ಬೇಕಾಗುವ ತಯಾರಿ ಪೂರ್ತಿ ಇಲ್ಲಿ ಖರ್ಚಾಗಿದೆ. ಮಗನ ಪಾತ್ರದ ಪೀಟ್ ಡೇವಿಡ್‌ಸನ್‌ಗೆ ನಗು ತಡೆಯಲಾಗುವುದಿಲ್ಲ. ಡ್ರೈವರ್ ಅದನ್ನು ಕಂಡೂ ಕಾಣದವರಂತೆ ಇನ್ನೂ ಒಂದು ಮಟ್ಟ ಮೇಲಕ್ಕೆ ಏರುತ್ತಾರೆ.

ನಾಟ್ಯಶಾಸ್ತ್ರದಲ್ಲಿ ಭರತ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸುತ್ತಾನೆ: ತಾನೇ ನಗುವುದು ಒಂದು, ಇತರರನ್ನು ನಗಿಸುವುದು ಇನ್ನೊಂದು. ಡ್ರೈವರ್ ಎರಡನೆಯ ಬಗೆಯವರು. ಎರಡೂ ಬಗೆಯನ್ನು ಒಬ್ಬರಲ್ಲೇ ನೋಡಬೇಕೆಂದರೆ ರಯಾನ್ ಗೋಸ್ಲಿಂಗ್ ಇದ್ದಾರೆ. 2015ರ ಡಿಸೆಂಬರಿನ ಸ್ಕಿಟ್‌ನಲ್ಲಿ ಅನ್ಯಗ್ರಹದವರ ಕೈಗೆ ಸಿಕ್ಕಿಬಿದ್ದ ಮೂವರ ವಿಚಾರಣೆ. ಇಬ್ಬರಿಗೆ ಆಗಿದ್ದು ದಿವ್ಯಾನುಭವ. ಕೇಟ್ ಮೆಕಿನನ್ ಮಾಡಿದ ಸಿಗರೇಟು ಸೇದುವ ಹೆಂಗಸಿಗೆ ಮಾತ್ರ ಬರೀ ಅವಮಾನ. ಅವಳು ಅದನ್ನು ರೇಷನ್ ಅಂಗಡಿಯ ಕ್ಯೂ ಬಗ್ಗೆ ಹೇಳುವಷ್ಟು ನಿರ್ವಿಕಾರವಾಗಿ ಹೇಳಿಕೊಳ್ಳುತ್ತಿದ್ದರೆ ಪಕ್ಕದಲ್ಲಿ ಕೂತ ಗೋಸ್ಲಿಂಗ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಶಿಸ್ತಿನ ಲೆಕ್ಕದಲ್ಲಿ ಅದು ತಪ್ಪು. ಆದರೆ ಆ ನಗು ಪ್ರೇಕ್ಷಕರಿಗೆ ಅಂಟುತ್ತದೆ.

ಅದೇ ಗೋಸ್ಲಿಂಗ್ 2017ರ ಸೆಪ್ಟೆಂಬರಿನಲ್ಲಿ ‘ಪಪೈರಸ್’ ಎಂಬ ಕಿರುಚಿತ್ರ ಮಾಡಿದರು. ಬರೆದವರು ಹೂಲಿಯೊ ಟೊರೆಸ್. 2009ರ ‘ಅವತಾರ್’ ಸಿನಿಮಾದ ಶೀರ್ಷಿಕೆಗೆ ಪಪೈರಸ್ ಎಂಬ ಅಕ್ಷರವಿನ್ಯಾಸ ಬಳಸಿದ್ದರು. ಯಾವುದೇ ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿ ಬಿಟ್ಟಿ ಸಿಗುವ ಅದನ್ನು ಅಷ್ಟು ಕೋಟಿಯ ಸಿನಿಮಾಕ್ಕೆ ಯಾಕೆ ಆರಿಸಿದರು ಎಂಬ ಪ್ರಶ್ನೆ ಒಬ್ಬ ಮನುಷ್ಯನ ನಿದ್ದೆ ಕೆಡಿಸಿದೆ. ಅವನು ಚಿಕಿತ್ಸಕಿಯ ಎದುರು ತೋಡಿಕೊಳ್ಳುತ್ತಾನೆ, ರಾತ್ರಿ ಕಾರಿನಲ್ಲಿ ಅಲೆಯುತ್ತಾನೆ, ಆ ವಿನ್ಯಾಸಕಾರನನ್ನು ಹುಡುಕಿಕೊಂಡು ಹೋಗುತ್ತಾನೆ. ಕ್ಯಾಮೆರಾ, ಬೆಳಕು, ಸಂಗೀತ ಎಲ್ಲವೂ ಥ್ರಿಲ್ಲರಿನದು. ‘ಡ್ರೈವ್’ ಸಿನಿಮಾದಲ್ಲಿ ಕೊಲೆಗೂ ಮೊದಲು ಗೋಸ್ಲಿಂಗ್ ಮುಖದಲ್ಲಿ ಮೂಡುವ ಮೌನ ಇಲ್ಲಿ ಒಂದು ಫಾಂಟಿಗಾಗಿ ಮೂಡುತ್ತದೆ. ಮದುವೆ ಕರೆಯೋಲೆಯ ಅಕ್ಷರದ ಬಗ್ಗೆ ಪ್ರೆಸ್ಸಿನವನ ಜೊತೆ ಜಗಳವಾಡಿದ ಯಾರಿಗೂ ಈ ಸಂಕಟ ಪೂರ್ತಿ ಹುಚ್ಚು ಎನಿಸುವುದಿಲ್ಲ.

ಕ್ರಿಸ್ಟೋಫರ್ ವಾಕನ್ ಬೇರೆಯದೇ ಜಾತಿ. ಬಾಲ್ಯದಲ್ಲಿ ನೃತ್ಯ ಕಲಿತು, ‘ದಿ ಡೀರ್ ಹಂಟರ್’ಗೆ ಆಸ್ಕರ್ ಪಡೆದು, ನೆತ್ತರು ತಣ್ಣಗಾಗಿಸುವ ಪಾತ್ರಗಳಿಗೆ ಹೆಸರಾದವರು. 2000ದ ಏಪ್ರಿಲ್ 8ರ ಸ್ಕಿಟ್‌ನಲ್ಲಿ ಅವರು ರೆಕಾರ್ಡಿಂಗ್ ನಿರ್ಮಾಪಕ. ಬ್ಲೂ ಆಯ್ಸ್ಟರ್ ಕಲ್ಟ್ ತಂಡ 1976ರ ತನ್ನ ಹಾಡನ್ನು ಮುದ್ರಿಸುತ್ತಿದೆ. ಬಿಗಿಯಾದ ಅಂಗಿಯಿಂದ ಹೊಟ್ಟೆ ಹೊರಗೆ ಚೆಲ್ಲಿಕೊಂಡ ವಿಲ್ ಫೆರೆಲ್ ಕೌಬೆಲ್ ಬಡಿಯುತ್ತಾ ಎಲ್ಲರ ಮೈಮೇಲೆ ಬೀಳುತ್ತಾರೆ. ಹಸುವಿನ ಕೊರಳಗಂಟೆಯಿಂದ ಬಂದ ಆ ತಾಳವಾದ್ಯದ ಸದ್ದು ಇನ್ನಷ್ಟು ಬೇಕು ಎಂಬುದು ನಿರ್ಮಾಪಕನ ಹಟ. ಜಿಮ್ಮಿ ಫ್ಯಾಲನ್ ಮುಖ ಮುಚ್ಚಿಕೊಂಡು ನಗುತ್ತಾರೆ. ವಾಕನ್ ಮಾತ್ರ, ಅಲ್ಪವಿರಾಮ ಪೂರ್ಣವಿರಾಮಗಳಿಗೆ ಸೊಪ್ಪು ಹಾಕದ ತಮ್ಮ ಲಯದಲ್ಲಿ, ಯಾರೂ ನಿಲ್ಲಿಸದ ಕಡೆ ನಿಲ್ಲಿಸಿ, ಕೌಬೆಲ್ ಎಂಬ ಪದವನ್ನು ವೈದ್ಯರು ರೋಗದ ಹೆಸರು ಹೇಳುವಷ್ಟು ಭಾರವಾಗಿ ಉಚ್ಚರಿಸುತ್ತಾರೆ. ಅವರ ಕಣ್ಣು ರಟ್ಟಿನ ಮೇಲಿನ ಸಾಲನ್ನು ಓದುತ್ತಿರುವುದು ಎದ್ದು ಕಾಣುತ್ತದೆ. ಬೇರೆಯವರಲ್ಲಿ ದೋಷವಾಗುವ ಆ ಓದು ಇವರಲ್ಲಿ ಪಾತ್ರದ ವಿಚಿತ್ರಕ್ಕೆ ಕಳೆ ತರುತ್ತದೆ.

ಕ್ರೀಡಾಪಟುಗಳಿಗೆ ಇಂಥ ಕೌಶಲ ಇರಬೇಕೆಂದಿಲ್ಲ. ತಮ್ಮ ಖ್ಯಾತಿಯನ್ನು ಪಕ್ಕಕ್ಕಿಡುವ ಮನಸ್ಸಿದ್ದರೆ ಸಾಕು. 1991ರಲ್ಲಿ ಮೊದಲ ಎನ್‌ಬಿಎ ಕಿರೀಟ ಗೆದ್ದ ಕೆಲವೇ ತಿಂಗಳಲ್ಲಿ ಮೈಕಲ್ ಜೋರ್ಡನ್ ಬಂದರು. ಆತ್ಮವಿಶ್ವಾಸ ತುಂಬುವ ಸ್ಟುವರ್ಟ್ ಸ್ಮಾಲಿಯಾಗಿ ಆಲ್ ಫ್ರಾಂಕನ್, ಎದುರಿಗೆ ಗುಟ್ಟು ಕಾಪಾಡಲು ಬರೀ ‘ಮೈಕಲ್ ಜೆ.’ ಎಂದು ಕರೆಸಿಕೊಳ್ಳುವ ಜೋರ್ಡನ್. ನೀವು ದೊಡ್ಡ ಆಟಗಾರ ಆಗಬೇಕಾಗಿಲ್ಲ ಎಂದು ಫ್ರಾಂಕನ್ ಅವರನ್ನು ಕನ್ನಡಿಯ ಮುಂದೆ ಸಮಾಧಾನಪಡಿಸುತ್ತಾರೆ. ಜಗತ್ತಿನಲ್ಲಿ ಆ ಸಮಾಧಾನ ಬೇಡವಾದ ಒಬ್ಬನೇ ಒಬ್ಬ ವಿನಯದಿಂದ ತಲೆಯಾಡಿಸುತ್ತಾನೆ. ಚಾರ್ಲ್ಸ್ ಬಾರ್ಕ್ಲಿ 1993ರಲ್ಲಿ ಮಕ್ಕಳ ಮುದ್ದಿನ ನೇರಳೆ ಡೈನೋಸಾರ್ ಬಾರ್ನಿಯ ಜೊತೆ ಬ್ಯಾಸ್ಕೆಟ್‌ಬಾಲ್ ಆಡಿ ಅದನ್ನು ಮೊಣಕೈಯಿಂದ ಹಣ್ಣುಗಾಯಿ ನೀರುಗಾಯಿ ಮಾಡಿದರು. ಮಾತು ತಡವರಿಸಿದರೂ ಆ ಮನುಷ್ಯನ ಖುಷಿ ತಡವರಿಸುವುದಿಲ್ಲ.

ನಟಿ ಬೆಟ್ಟಿ ವೈಟ್ ವಿಷಯದಲ್ಲಿ ಅಚ್ಚರಿ ವಯಸ್ಸಿನದು. 2010ರ ಮೇ 8ರಂದು ಅವರಿಗೆ 88. ಫೇಸ್‌ಬುಕ್‌ನಲ್ಲಿ ಅಭಿಮಾನಿಗಳು ನಡೆಸಿದ ಅಭಿಯಾನ ಅವರನ್ನು ಅಲ್ಲಿಗೆ ಕರೆತಂದಿತ್ತು. ಸಾಥ್ ಕೊಡಲು ಟೀನಾ ಫೇ, ಏಮಿ ಪೋಲರ್, ಮಾಯಾ ರುಡಾಲ್ಫ್‌ರಂಥ ಹಳೆಯ ಕಲಾವಿದೆಯರು ಮರಳಿ ಬಂದಿದ್ದರು. ಅಜ್ಜಿಗೆ ಆಸರೆ ಬೇಕಾದೀತು ಎಂದು ಎಲ್ಲರೂ ಅಂದುಕೊಂಡಿದ್ದರೆ, ಅವರೇ ಎಲ್ಲರಿಗೂ ಗತಿ ಹಾಕಿಕೊಟ್ಟರು. ರೇಡಿಯೋದ ಅಡುಗೆ ಕಾರ್ಯಕ್ರಮದಲ್ಲಿ ತಮ್ಮ ಮಫಿನ್ ಬಗ್ಗೆ ಹೇಳುವ ಬೇಕರಿ ಅಜ್ಜಿಯ ಪಾತ್ರ. ಪ್ರತಿ ವಾಕ್ಯವೂ ದ್ವಂದ್ವಾರ್ಥ. ಅದರ ಎರಡನೇ ಅರ್ಥ ತಮಗೆ ಗೊತ್ತೇ ಇಲ್ಲವೆಂಬ ಮುಖ. ಪ್ರೇಕ್ಷಕರ ನಗು ಪೂರ್ತಿ ಇಳಿಯುವ ಮೊದಲೇ, ಇನ್ನೇನು ಇಳಿಯಬೇಕು ಎನ್ನುವಾಗ ಮುಂದಿನ ಮಾತು. ಆ ಕಾಲಜ್ಞಾನ ಸುಮ್ಮನೆ ಬಂದದ್ದಲ್ಲ. ಟಿ.ವಿ. ಕಣ್ಣು ಬಿಡುತ್ತಿದ್ದ 1949ರ ಹೊತ್ತಿಗೇ ಅವರು ಲಾಸ್ ಏಂಜಲೀಸ್‌ನಲ್ಲಿ ದಿನಕ್ಕೆ ಐದೂವರೆ ಗಂಟೆ, ವಾರಕ್ಕೆ ಆರು ದಿನ ನೇರ ಪ್ರಸಾರದಲ್ಲಿ ಪಳಗಿದವರು. ಈ ರಾತ್ರಿಗೆ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು.

ಸೋತವರನ್ನು ನೋಡಿದರೂ ಗಾಂಭೀರ್ಯದ ಆ ಗುಟ್ಟು ಖಚಿತವಾಗುತ್ತದೆ. 1991ರಲ್ಲಿ ಬಂದ ಆ್ಯಕ್ಷನ್ ತಾರೆ ಸ್ಟೀವನ್ ಸೀಗಲ್ ಅವರದು ಕಾರ್ಯಕ್ರಮದ ಚರಿತ್ರೆಯಲ್ಲೇ ಕುಖ್ಯಾತ ಸಂಚಿಕೆ. ಮರುವರ್ಷ ನಿಕೋಲಸ್ ಕೇಜ್ ಸ್ವಗತದಲ್ಲಿ ಮೈಕಲ್ಸ್ ಅದನ್ನು ಎಲ್ಲರೆದುರೇ ಹಾಸ್ಯ ಮಾಡಿದರು. ಸೀಗಲ್‌ಗೂ ಗಾಂಭೀರ್ಯವಿತ್ತು, ಡ್ರೈವರ್‌ಗಿಂತ ತುಸು ಹೆಚ್ಚೇ. ಆದರೆ ಅವರು ಅದನ್ನು ಕಾಪಾಡಿಕೊಳ್ಳಲು ನಿಂತರು. ಡ್ರೈವರ್ ಅದನ್ನು ಪಣಕ್ಕಿಟ್ಟರು. ಕೃಪಣರಿಂದ ಹಾಸ್ಯ ಹುಟ್ಟುವುದಿಲ್ಲ.

ಇಂಥ ಒಂದು ರಾತ್ರಿ ಆ ಕಲಾವಿದರ ಉಳಿದ ಕೆಲಸವನ್ನೂ ಹೊಸದಾಗಿ ನೋಡಿಸುತ್ತದೆ. 2019ರ ‘ಮ್ಯಾರೇಜ್ ಸ್ಟೋರಿ’ಯಲ್ಲಿ ಡ್ರೈವರ್ ಹೆಂಡತಿಯ ಮೇಲೆ ರೇಗಿ, ಗೋಡೆಗೆ ಗುದ್ದಿ, ಕೊನೆಗೆ ಕುಸಿದು ಅಳುವ ದೃಶ್ಯವಿದೆ. ಎಣ್ಣೆದೊರೆಯ ದನಿಯೇ ಅದು. ಹಾಗೇ ನಿಧಾನಕ್ಕೆ ಶುರುವಾಗಿ, ಅದೇ ಮೆಟ್ಟಿಲು ಹತ್ತಿ, ಅದೇ ಎತ್ತರಕ್ಕೆ ಹೋಗುತ್ತದೆ. ಸಿನಿಮಾದಲ್ಲಿ ಎದುರಿಗೆ ಪ್ರೀತಿಸಿದ ಹೆಂಗಸು, ಸ್ಕಿಟ್‌ನಲ್ಲಿ ಬೆಂಚಿನ ಮೇಲೆ ಕೂತ ಮಕ್ಕಳು. ಎರಡನ್ನೂ ಒಂದೇ ಸಂಜೆ ನೋಡುವುದಾದರೆ ಸಿನಿಮಾ ಮೊದಲು ನೋಡಿ. ಸ್ಕಿಟ್ ಮೊದಲು ನೋಡಿದಿರೋ, ಗಂಡ ಹೆಂಡಿರ ಆ ಜಗಳದ ನಟ್ಟನಡುವೆ ಸತ್ತ ಹಕ್ಕಿ ನೆನಪಾಗಿ ಪಕ್ಕದವರಿಂದ ಬೈಸಿಕೊಳ್ಳುತ್ತೀರಿ.